ಸೊನ್ನೆ ವೋಲ್ಟಿನಾಚೆ

ಆಫೀಸಿನ ಊಟದ ಮೇಜಿನಲ್ಲಿ ನನ್ನೆದುರು ಕೂತಿದ್ದ ಗೆಳತಿ ಚಮಚ ಕೆಳಗಿಟ್ಟು, "ತಲೆ ಒಂಥರಾ ಆಗ್ತಿದೆ ಕಣೇ" ಎಂದಳು. ನಾನು ನೀರಿನ ಲೋಟ ಅವಳತ್ತ ಸರಿಸುವಷ್ಟರಲ್ಲಿ ಮೇಜಿನ ಮೇಲೆ ಒರಗಿದ್ದಳು. ಮಿದುಳಿನ ರಕ್ತನಾಳ ಒಡೆದು ಜೀವ ಹೋಗಿದೆ ಎಂದರು ಆಸ್ಪತ್ರೆಯವರು. ಆ ಮಾತು ಇನ್ನೂ ನನ್ನ ಕಿವಿಯಲ್ಲೇ ಇದೆ, ತಲೆಗೆ ಹೋಗಿಲ್ಲ.

ಆಫೀಸಿನಲ್ಲಿ ಅವಳಿಗೆ ಉಲ್ಟಾ ಎಂದೇ ಹೆಸರು. ಚಿಪ್‌ನೊಳಗೆ ಯಾವ ಭಾಗ ಎಲ್ಲಿ ಕೂರಬೇಕೆಂದು ನಕ್ಷೆ ಬರೆಯುವುದು ಅವಳ ಕೆಲಸ. ಚಿಪ್ ತಯಾರಾಗಿ ಬಂದಮೇಲೆ ಅಳೆದು ನೋಡುವುದು ನನ್ನದು. ಹೆಸರು ಬಂದದ್ದು ಕೆಪಾಸಿಟರುಗಳಿಂದ. ಕೆಪಾಸಿಟರ್ ಎಂದರೆ ವಿದ್ಯುತ್ತನ್ನು ತುಂಬಿಡುವ ಪುಟ್ಟ ಪಾತ್ರೆ ಎಂದುಕೊಳ್ಳಿ. ಎಷ್ಟು ಸುರಿದರೂ ಪಾತ್ರೆಯ ಅಳತೆ ಬದಲಾಗಬಾರದು. ಚಿಪ್‌ನೊಳಗಿನದು ಹಾಗಲ್ಲ, ವೋಲ್ಟೇಜ್ ಏರಿದಂತೆ ಹಿಗ್ಗುತ್ತದೆ, ಇಳಿದಂತೆ ಕುಗ್ಗುತ್ತದೆ. ನಾವೆಲ್ಲ ಸೊನ್ನೆ ವೋಲ್ಟಿನಲ್ಲಿ ಅಳೆದು, ಸಿಕ್ಕ ಅಂಕಿಯನ್ನೇ ನಂಬಿ ಕೂರುತ್ತಿದ್ದೆವು.

"ಸೊನ್ನೆ ವೋಲ್ಟಲ್ಲಿ ಎಲ್ರೂ ಸಂಭಾವಿತರೇ ಸಾರ್. ಸ್ವಲ್ಪ ಏರಿಸಿ ನೋಡಿ, ಬಣ್ಣ ಬಯಲಾಗುತ್ತೆ" ಎಂದು ಮೇಲಧಿಕಾರಿಗೇ ಹೇಳಿದ್ದಳು.

ಒಂದು ಕೆಪಾಸಿಟರನ್ನು ಎರಡು ಹೋಳು ಮಾಡಿ, ಒಂದು ಹೋಳನ್ನು ಉಲ್ಟಾ ಜೋಡಿಸುವುದು ಅವಳ ಮದ್ದು. ಒಂದು ಹಿಗ್ಗಿದಾಗ ಇನ್ನೊಂದು ಕುಗ್ಗಿ, ಒಟ್ಟು ಅಳತೆ ಬಹುಮಟ್ಟಿಗೆ ಇದ್ದಷ್ಟೇ ಇರುತ್ತದೆ.

ಈ ಸಲದ ಚಿಪ್ ಕಿವಿ ಮಂದವಾದವರು ಹಾಕಿಕೊಳ್ಳುವ ಮಷೀನಿಗೆ. ಉಲ್ಟಾ ಜೋಡಿಗೆ ಜಾಗ ಹೆಚ್ಚು ಬೇಕು, ಅದೆಲ್ಲ ಬೇಡ ಎಂದರು ಮೇಲಧಿಕಾರಿ. ಇವಳು ಬಿಡಲಿಲ್ಲ, ವಾರಗಟ್ಟಲೆ ಬೆನ್ನು ಹತ್ತಿದಳು. ನಿನ್ನ ಕಾಟ ತಡೆಯೋಕಾಗಲ್ಲ ಮಾರಾಯ್ತಿ ಎಂದು ಕೊನೆಗೆ ಅವರೇ ಸೋತು ಒಪ್ಪಿದರು.

ಇಷ್ಟೊಂದು ಹಟ ಯಾಕೆಂದು ನನಗೆ ತಿಳಿದದ್ದು ಅವಳ ಮನೆಗೆ ಹೋದಾಗ. ತಂಗಿಗೆ ಹುಟ್ಟಿನಿಂದ ಕಿವಿ ಮಂದ. ಮೆಲ್ಲಗೆ ಆಡಿದ ಮಾತು ಮಷೀನಿನಲ್ಲಿ ಸರಿಯಾಗೇ ಕೇಳುತ್ತದೆ. ದನಿ ಏರಿದರೆ ಒಳಗೆ ವೋಲ್ಟೇಜೂ ಏರುತ್ತದೆ, ಪಾತ್ರೆಯ ಅಳತೆ ತಪ್ಪುತ್ತದೆ, ಬಟ್ಟೆ ಹರಿದಂಥ ಸದ್ದು ಬರುತ್ತದೆ. ಹಾಗಾಗಿ ಆ ಮನೆಯಲ್ಲಿ ಯಾರೂ ಜೋರಾಗಿ ನಗುವುದಿಲ್ಲ. ಆಫೀಸಿನ ಸೂರು ಹಾರಿಹೋಗುವಂತೆ ನಗುತ್ತಿದ್ದವಳು ಅಲ್ಲಿ ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಗುವುದನ್ನು ಕಂಡು ನಾನು ಬೆಚ್ಚಿದೆ. ನನ್ನನ್ನು ಬೀಳ್ಕೊಡಲು ಬಾಗಿಲವರೆಗೆ ಬಂದವಳು, "ಇವಳ ಮುಂದೆ ಒಂದ್ಸಲ ಬಾಯ್ತುಂಬ ನಗ್ಬೇಕು ಕಣೇ, ಅಷ್ಟೇ" ಎಂದಿದ್ದಳು.

ಅವಳು ತೀರಿಕೊಂಡ ವಾರವೇ ಚಿಪ್ ಬಂತು. ವೋಲ್ಟೇಜ್ ಇಳಿಸಿ, ಏರಿಸಿ ಅಳೆದೆ. ಪರದೆಯ ಮೇಲೆ ಅಳತೆಯ ಗೆರೆ ಬಾಗದೆ ಮಲಗಿತ್ತು. "ಉಲ್ಟಾ, ಬಾರೇ ಇಲ್ಲಿ" ಎಂದು ಕೂಗಿಯೇಬಿಟ್ಟೆ. ಕೋಣೆಯಲ್ಲಿದ್ದವರೆಲ್ಲ ಕೈಯ ಕೆಲಸ ಬಿಟ್ಟು ನನ್ನನ್ನೇ ನೋಡಿದರು.

ಮೇಲಧಿಕಾರಿಯ ಒಪ್ಪಿಗೆ ಪಡೆದು, ಆ ಚಿಪ್ ಕೂರಿಸಿದ ಮಾದರಿ ಮಷೀನನ್ನು ಅವಳ ಮನೆಗೆ ಒಯ್ದೆ. ತಂಗಿ ಅಡುಗೆಮನೆಯ ಗೋಡೆಗೊರಗಿ ಕೂತಿದ್ದಳು. ಒಳಕೋಣೆಯಲ್ಲಿ ತಾಯಿ ಗೋಳೋ ಎಂದು ಅಳುತ್ತಿದ್ದರು. ಆ ಹರಕು ಸದ್ದು ತಡೆಯಲಾರದೆ ತಂಗಿ ತನ್ನ ಹಳೆಯ ಮಷೀನನ್ನು ಕಿತ್ತಿಟ್ಟಿದ್ದಳು. ಹೊಸದನ್ನು ನಾನೇ ಅವಳ ಕಿವಿಗೆ ಸಿಕ್ಕಿಸಿದೆ. ಜೋರು ದನಿ ಒಡೆಯುತ್ತದೋ ಇಲ್ಲವೋ ಎಂದು ಅವಳನ್ನು ಕೇಳಿ ತಿಳಿಯುವುದು ನನ್ನ ಉದ್ದೇಶವಾಗಿತ್ತು.

ಅವಳು ಮೊದಲು ನನ್ನ ಮುಖ ನೋಡಿದಳು. ಆಮೇಲೆ ಒಳಕೋಣೆಯತ್ತ ತಿರುಗಿದಳು. ಮುಖ ಬಿಳಿಚಿಕೊಂಡಿತು.

"ಅಮ್ಮ ಅಳೋದು ಹೀಗಿರುತ್ತಾ?"

ಹೌದೆಂದು ತಲೆಯಾಡಿಸಿದೆ. ಅವಳು ಮಷೀನನ್ನು ತೆಗೆಯದೆ ಹಾಗೆಯೇ ಎದ್ದು ತಾಯಿಯ ಬಳಿಗೆ ಹೋದಳು.