ಮಗಳ ದೋಣಿಯ ಕಕ್ಕಸು

ಕಾರವಾರದಲ್ಲಿ ನಾನು ಮಗಳ ಹಾಯಿದೋಣಿ ಹತ್ತಿದಾಗ, ಅದರ ಕ್ಯಾಪ್ಟನ್ ಆದ ಅವಳು ಕಕ್ಕಸಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅದಕ್ಕೆ ನೀರು ಹಾಯಿಸುವ ಕೈಪಂಪು ಬಿಚ್ಚುತ್ತಿದ್ದಳು. ದೊಡ್ಡಬಳ್ಳಾಪುರದ ನೇಕಾರನಾದ ನನಗೆ ಗಾಬರಿಯಾಯಿತು.

"ಇದೆಲ್ಲ ನೀನ್ಯಾಕಮ್ಮಾ ಮಾಡ್ತೀಯಾ? ಸ್ವಿಚ್ ಒತ್ತೋದು ಹಾಕಿಸ್ಬಾರ್ದಾ?"

"ನಡುಕಡಲಲ್ಲಿ ಬ್ಯಾಟರಿ ಕೈಕೊಟ್ರೆ ಏನ್ಮಾಡ್ಲಪ್ಪಾ? ಅದಕ್ಕೇ ಕೈಪಂಪಿಂದೇ ಆರಿಸ್ದೆ. ಇದರ ರಬ್ಬರ್ ಸವೆದ್ರೆ ಸಮುದ್ರದ ನೀರು ಒಳಗೆ ನುಗ್ಗುತ್ತೆ. ನಾಳೆ ಲಕ್ಷದ್ವೀಪಕ್ಕೆ ನನ್ನ ನಂಬ್ಕೊಂಡು ನಾಲ್ಕು ಜನ ಬರ್ತಿದಾರೆ."

ಹೊಸ ರಬ್ಬರ್ ಕೂರಿಸಿ, ಗ್ರೀಸ್ ಸವರಿ, ಪಂಪಿನ ಹಿಡಿ ಎಳೆದಳು. ನೀರು ಸರಾಗವಾಗಿ ಹರಿಯಿತು. ಒಂದು ಹನಿಯೂ ಸೋರಲಿಲ್ಲ. ಮರುದಿನ ದೋಣಿ ಕಣ್ಮರೆಯಾಗುವವರೆಗೂ ದಡದಲ್ಲಿ ನಿಂತಿದ್ದೆ. ಭಯವಾಗಲಿಲ್ಲ.

ಈಗ ಊರಲ್ಲಿ ಯಾರಾದರೂ ಮಗಳ ಕೆಲಸ ಕೇಳಿದರೆ, "ದೋಣಿ ನಡೆಸ್ತಾಳೆ, ಅದರ ಕಕ್ಕಸನ್ನೂ ತಾನೇ ರಿಪೇರಿ ಮಾಡ್ತಾಳೆ" ಎನ್ನುತ್ತೇನೆ. ಎರಡನೆಯ ಮಾತನ್ನೇ ಜೋರಾಗಿ ಹೇಳುತ್ತೇನೆ.