ಹನ್ನೆರಡನೆಯ ಕಲ್ಲು ಮಾತ್ರ ಕಾಣುತ್ತಿತ್ತು

ಹೋದ ವರ್ಷದ ಬೇಸಿಗೆ. ನನ್ನ ಡಿಪ್ಲೊಮಾ ಪ್ರಾಜೆಕ್ಟ್ ಪರೀಕ್ಷೆಗೆ ಒಂದೇ ದಿನ ಉಳಿದಿತ್ತು. ಹಿಂದಿನ ವರ್ಷ ಕಾಮಾಲೆ ಬಂದು ಆ ಪರೀಕ್ಷೆ ತಪ್ಪಿಹೋಗಿತ್ತು. ಈ ಸಲ ಫೇಲಾದರೆ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಸಿಕ್ಕಿದ್ದ ತರಬೇತಿಯ ಸೀಟು ಕೈತಪ್ಪುತ್ತಿತ್ತು. ಮೊದಲೇ ನನಗೆ ಮೂಗಿನ ತುದಿಯಲ್ಲಿ ಸಿಟ್ಟು. ಆ ವಾರ ಅವ್ವ ನನಗೆ ಚಹಾ ಕೊಡಲಿಕ್ಕೂ ಹೆದರುತ್ತಿದ್ದಳು.

ನಮ್ಮದು ಹಾಸುಗಲ್ಲಿಗೆ ಹೆಸರಾದ ಶಹಾಬಾದ್. ಹಾಗಾಗಿ ಪ್ರಾಜೆಕ್ಟಿಗೂ ಕಲ್ಲನ್ನೇ ಆರಿಸಿದ್ದೆ. ಹಾಸುಗಲ್ಲಿನ ಫೋಟೊ ಕೊಟ್ಟರೆ ಕಂಪ್ಯೂಟರ್ ಬಿರುಕು ಹುಡುಕಿ, ಅದರ ಮೇಲೆ ಕೆಂಪು ಗೆರೆ ಎಳೆದು ತೋರಿಸಬೇಕು. ಹನ್ನೆರಡು ಕಲ್ಲು, ಹನ್ನೆರಡು ಫೋಟೊ. ಒಂದಾದ ಮೇಲೊಂದು ತೋರಿಸಲಿ ಎಂದು, ಅದೇ ಸಾಲುಗಳನ್ನು ಹನ್ನೆರಡು ಸಲ ಓಡಿಸುವ ಲೂಪ್ ಬರೆದಿದ್ದೆ. ಆದರೆ ಓಡಿಸಿದಾಗಲೆಲ್ಲ ತೆರೆಯ ಮೇಲೆ ನಿಲ್ಲುತ್ತಿದ್ದದ್ದು ಹನ್ನೆರಡನೆಯ ಕಲ್ಲು ಮಾತ್ರ. ಅದರಲ್ಲೂ ಕೆಂಪು ಗೆರೆ ಇಲ್ಲ. ಉಳಿದ ಹನ್ನೊಂದು ಮಾಯ! ಫೈಲುಗಳ ಹೆಸರು ಬದಲಿಸಿದೆ, ಎಲ್ಲ ಅಳಿಸಿ ಮತ್ತೆ ಬರೆದೆ. ಕೊನೆಗೆ ಫೋಟೊಗಳೇ ಸರಿಯಿಲ್ಲ ಎಂದುಕೊಂಡು ಲ್ಯಾಪ್‌ಟಾಪ್ ಹೊತ್ತು ಕಲ್ಲು ಪಾಲಿಶ್ ಮಾಡುವ ಅಂಗಳಕ್ಕೆ ಓಡಿದೆ.

ಅಲ್ಲಿ ಶರಣಪ್ಪ ಕಾಕಾ ಇದ್ದರು. ಒಳ್ಳೆಯ ಕಲ್ಲು, ಒಡಕು ಕಲ್ಲು ಬೇರೆ ಮಾಡುವುದೇ ಅವರ ಕೆಲಸ. ಕಲ್ಲಿಗೆ ನೀರು ಹಾಕಿದರೆ ಬಿರುಕು ಕಾಣುತ್ತದೆಂದು ನಾನೂ ಕೇಳಿದ್ದೆ. ಒಂದೊಂದು ಕಲ್ಲಿಗೂ ನೀರು ಸುರಿದು ಪಟಪಟನೆ ಫೋಟೊ ಹೊಡೆಯತೊಡಗಿದೆ. ಲೂಪ್ ಓಡಿಸಿದರೆ ಮತ್ತದೇ ಹಾಡು.

ಕಾಕಾ ಬಂದು ಬಗ್ಗಿ ನೋಡಿದರು. "ಹನ್ನೆರಡು ಫೋಟೊ ಹೊಡದಿ. ಒಂದೇ ಕಾಣ್ತದಲ್ಲ ತಂಗಿ. ಉಳಿದವು ಎಲ್ಲಿ ಹೋದ್ವು?"

"ನಿಮಗ ಇದೆಲ್ಲ ತಿಳಿಯಂಗಿಲ್ಲ ಬಿಡ್ರಿ ಕಾಕಾ. ನಿಮ್ಮ ಕಲ್ಲು ನೀವು ನೋಡ್ಕೋರಿ!" ಎಂದು ಚೀರಿದೆ. ಅಂಗಳದವರೆಲ್ಲ ತಿರುಗಿ ನೋಡಿದರು. ನನಗೆ ಅಳುವೇ ಬಂತು.

ಕಾಕಾ ಗೋಣಿಚೀಲ ತಂದು ನೆರಳಲ್ಲಿ ಹಾಸಿದರು. "ಬಿಸಲಾಗ ನಿಂದ್ರಬ್ಯಾಡ. ಇಲ್ಲಿ ಕುಂದರು" ಎಂದರು. ಆಮೇಲೆ ಒಂದು ಕಲ್ಲಿಗೆ ನೀರು ಹಾಕಿ, ತಾವೂ ಪಕ್ಕದಲ್ಲಿ ಕುಂತುಬಿಟ್ಟರು.

"ಏನ್ ಮಾಡ್ಲಿಕತ್ತೀರಿ?" ಎಂದೆ.

"ತಡಿಲಿಕತ್ತೀನಿ. ನೀರ ಹಾಕಿದ ಕೂಡ್ಲೆ ಎಲ್ಲಾ ಕಲ್ಲು ಒಂದೇ ನಮೂನಿ. ಜರಾ ತಡದ್ರ ಮೈ ಒಣಗ್ತದ, ಬಿರುಕು ಹಸೀನೇ ಉಳೀತದ. ಅದನ್ನ ನೋಡಿದ ಮ್ಯಾಲೇ ಮುಂದಿನ ಕಲ್ಲಿಗೆ ಹೋಗಬೇಕು."

ನೋಡುತ್ತಿದ್ದಂತೆ ಕಲ್ಲು ಬಿಳುಚಿತು, ನಡುವೆ ಒಂದು ಕಪ್ಪು ಗೆರೆ ಉಳಿಯಿತು. ಕಾಕಾ ಎದ್ದು ಎರಡನೆಯ ಕಲ್ಲಿನ ಹತ್ತಿರ ಹೋಗಿ ಮತ್ತೆ ಕುಂತರು. ಪ್ರತಿ ಕಲ್ಲಿಗೂ ಹಾಗೆಯೇ.

ಅಯ್ಯೋ ದೇವರೇ! ಕೀಬೋರ್ಡಿನ ಕೀಲಿ ಒತ್ತುವ ತನಕ ತಡೆ ಎನ್ನುವ ಸಾಲನ್ನು ನಾನು ಲೂಪ್ ಮುಗಿದ ಮೇಲೆ ಬರೆದಿದ್ದೆ. ಹನ್ನೊಂದು ಕಲ್ಲು ಕಣ್ಣಿಗೆ ಬೀಳುವ ಮೊದಲೇ ಓಡಿಹೋಗಿ, ಹನ್ನೆರಡನೆಯದು ಮಾತ್ರ ನಿಲ್ಲುತ್ತಿತ್ತು. ಆ ಸಾಲನ್ನು ಲೂಪಿನ ಒಳಗೆ ತಂದೆ. ಪ್ರತಿ ಕಲ್ಲಿನ ಮೈ ಒಣಗುವ ತನಕ ತಡೆದು ತಡೆದು ಹೊಸ ಫೋಟೊ ತೆಗೆದೆ. ಈಗ ಮೊದಲ ಕಲ್ಲು ಬಂದು ನಿಂತಿತು, ಮೈಮೇಲೆ ಕೆಂಪು ಗೆರೆ! ಕಾಕಾ ಕಲ್ಲುಪುಡಿಯ ಬೆರಳಿಂದ ತಾವೇ ಕೀಲಿ ಒತ್ತಿದರು. ಎರಡನೆಯದು ಬಂತು. "ಆಹಾ, ಇನ್ನೊಂದು!" ಎಂದು ಹನ್ನೆರಡೂ ಮುಗಿಯುವ ತನಕ ಏಳಲಿಲ್ಲ.

ಮರುದಿನ ಪರೀಕ್ಷೆ ಚೆನ್ನಾಗಿ ಆಯಿತು, ಪಾಸಾದೆ. ಪೇಢೆ ತಗೊಂಡು ಅಂಗಳಕ್ಕೆ ಹೋದೆ. ಅಂದು ಚೀರಿದ್ದಕ್ಕೆ ತಪ್ಪಾಯಿತು ಎನ್ನಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಷ್ಟರಲ್ಲಿ ಕಾಕಾನೇ ಕೇಳಿದರು: "ನನ್ನ ಕಲ್ಲು ಪಾಸಾದ್ವೇನವ್ವಾ?"

"ಎಂಟು ಪಾಸು, ನಾಕು ಫೇಲು ಕಾಕಾ."

"ಹೌದು, ಆ ನಾಕು ನನಗ ಮೊದ್ಲೇ ಗೊತ್ತಿದ್ವು."

"ಮತ್ತ ಅವತ್ತು ನಾ ಬಂದ ಕೂಡ್ಲೆ ಯಾಕ ಹೇಳ್ಲಿಲ್ರಿ?"

"ನೀ ಎಲ್ಲಿ ಕೇಳ್ದಿ?" ಪೇಢೆ ಬಾಯಲ್ಲಿಟ್ಟುಕೊಂಡು ನಗುತ್ತಲೇ ಅಂದರು.

ಜೋಡಿಸಿಕೊಂಡಿದ್ದ ಮಾತಿನ ಬದಲು ಇನ್ನೊಂದು ಪೇಢೆ ಅವರ ಕೈಗಿಟ್ಟೆ. ಈಗ ವಾಡಿಯಲ್ಲಿ ಕೆಲಸಕ್ಕಿದ್ದೇನೆ. ಸಿಟ್ಟು ಇನ್ನೂ ಮೂಗಿನ ತುದಿಯಲ್ಲೇ ಇದೆ. ಆದರೆ ಮಷಿನ್ ಕೈಕೊಟ್ಟಾಗ ಅಲ್ಲೇ ಕಸ ಗುಡಿಸುವ ಅಕ್ಕನನ್ನೂ ಒಂದು ಮಾತು ಕೇಳುತ್ತೇನೆ. ಕೇಳಿ, ಅವಳು ಹೇಳಿ ಮುಗಿಸುವ ತನಕ ತಡೆಯುತ್ತೇನೆ.