ಹರಕೆ ತೀರದಿದ್ದರೂ ನಡೆದ ದಾರಿ

ಆಗ ನನಗೆ ಅರವತ್ತೆಂಟು. ಈ ಮಾತಿಗೆ ನಾಲ್ಕು ವರ್ಷವಾಯ್ತು. ಐರ್ಲೆಂಡಿನ ಕಾರ್ಕ್‌ನ ಡಗ್ಲಸ್‌ನಲ್ಲಿರೋ ಮಗಳ ಮನೆಗೆ ಬಾಣಂತನಕ್ಕೆ ಅಂತ ಬಂದಿದ್ದೆ. ಬಾಣಂತನ ಮಾಡಿದೆ, ಮಗು ಇರಲಿಲ್ಲ. ಚಳಿಗಾಲದಲ್ಲಿ, ತಿಂಗಳು ತುಂಬೋ ಮೊದಲೇ ಹುಟ್ಟಿತು. ಅಳಲೇ ಇಲ್ಲ. ಹೆಣ್ಣು.

ಮಗಳು ಡಾಕ್ಟರು. ಅವಳೂ ಅಳಲಿಲ್ಲ. ಮಗುವಿಗೆ ಹೆಸರೇನು ಅಂತ ಆಸ್ಪತ್ರೆಯವರು ಮೆತ್ತಗೆ ಕೇಳಿದ್ದಕ್ಕೆ ಬೇಡ ಅಂದಳಂತೆ. ಆಮೇಲೆ ಮಗುವಿನ ಸುದ್ದಿಯೇ ಇಲ್ಲ. ಅಳಿಯ ಆ ಮಾತು ಎತ್ತಿದರೆ ಎದ್ದು ಹೋಗೋಳು. ಊಟ ಶಾಸ್ತ್ರಕ್ಕೆ. ಹಿಂಗೇ ಬಿಟ್ಟರೆ ಇವಳೂ ಉಳಿಯಲ್ಲ ಅಂತ ನನಗೆ ಹೆದರಿಕೆ.

ಬುದ್ಧಪೂರ್ಣಿಮೆ ಬಂತು. ನಾವು ಬೌದ್ಧರು. ನನ್ನ ಗಂಡ ದೀಕ್ಷೆ ತಗೊಂಡ ದಿನವೇ ಮನೆಯ ದೇವರಗೂಡು ಖಾಲಿಯಾಗಿತ್ತು, ಹರಕೆ ಗಿರಕೆ ಎಲ್ಲ ಬಿಟ್ಟಿದ್ದೆವು. ಮಗಳ ಊರಾಚೆ ಶ್ರೀಲಂಕಾದವರು ಒಂದು ಮನೆಯನ್ನೇ ವಿಹಾರ ಮಾಡಿಕೊಂಡಿದ್ದರು.

"ಅಮ್ಮ, ವಿಹಾರಕ್ಕೆ ನಡ್ಕೊಂಡು ಹೋಗ್ತೀನಿ," ಅಂದಳು ಮಗಳು.

"ಕಾರಿಗೇನಾಗೈತೆ?"

"ಹರಕೆ ಹೊತ್ತಿದ್ದೆ. ಮಗು ಉಳಿದರೆ ಬುದ್ಧನ ಹತ್ರ ನಡ್ಕೊಂಡು ಬರ್ತೀನಿ ಅಂತ."

"ನಿಮ್ಮಪ್ಪ ಇದ್ದಿದ್ರೆ ಬೈತಿದ್ರು. ಬುದ್ಧ ಏನು ವರ ಕೊಡೋನಾ? ಮಗು ಉಳೀಲೂ ಇಲ್ವಲ್ಲ."

"ಗೊತ್ತು. ಆದ್ರೂ ಹೋಗ್ತೀನಿ."

ಮಗು ಅನ್ನೋ ಮಾತು ಅವಳ ಬಾಯಲ್ಲಿ ಬಂದಿದ್ದು ಅವತ್ತೇ ಮೊದಲು. ನಾನೂ ಬಿಳಿ ಸೀರೆ ಉಟ್ಟು ಬೂಟು ಹಾಕಿದೆ.

"ನಿಂಗೆ ಮಂಡಿ ನೋವು, ಬೇಡಮ್ಮ."

"ಮಂಡಿ ನಂದು. ನಡಿ ನೀನು."

ಊರು ದಾಟಿದ ಮೇಲೆ ಫುಟ್‌ಪಾತು ಮುಗೀತು. ಎರಡು ಕಡೆಯೂ ಬೇಲಿ, ಕಾರುಗಳು ಸೆರಗಿಗೆ ತಾಗೋ ಹಂಗೆ ಹೋಗೋವು. ಒಬ್ಬ ಮುದುಕ ನಿಲ್ಲಿಸಿ, ಹತ್ತಿ ಅಂತ ಕೈ ಮಾಡಿದ. ಅಲ್ಲಿನ ಮಾತು ನನಗೆ ಬರೋದು ಒಂದೇ, ಚೆನ್ನಾಗಿದೀನಿ ಅನ್ನೋದಕ್ಕೆ ಅವರು ಅನ್ನೋದು. "ಗ್ರ್ಯಾಂಡ್, ಗ್ರ್ಯಾಂಡ್," ಅಂದೆ. ಅವನು ನಕ್ಕು ಹೋದ.

"ಕಾಲು ನೆಟ್ಟಗೆ ಊರಕ್ಕಾಗಲ್ಲ, ಗ್ರ್ಯಾಂಡಂತೆ," ಅಂದಳು ಮಗಳು. ನಗಲಿಲ್ಲ. ಆದರೆ ಅಂದಳು.

ವಿಹಾರದಲ್ಲಿ ವಂದನೆ ಮುಗಿದ ಮೇಲೆ ಅಲ್ಲಿನ ಭಿಕ್ಷು ಭಂತೇಜಿ, ತಮ್ಮವರನ್ನು ಕಳೆದುಕೊಂಡವರು ಮುಂದೆ ಬನ್ನಿ ಅಂದರು. ತಟ್ಟೆಯಲ್ಲಿ ಬಟ್ಟಲಿಟ್ಟು ಅದು ತುಂಬಿ ಚೆಲ್ಲೋವರೆಗೂ ನೀರು ಹಾಕಬೇಕು. ನಾವು ಮಾಡಿದ ಪುಣ್ಯ ಸತ್ತವರಿಗೆ ಸೇರಲಿ ಅಂತ ಅವರ ಪದ್ಧತಿ. ಮಗಳ ಕೈಗೆ ಹೂಜಿ ಕೊಟ್ಟು ಯಾರ ಹೆಸರು ಅಂತ ಕೇಳಿದರು.

ಅವಳು ಹೂಜಿ ಹಿಡ್ಕೊಂಡೇ ಕೂತಳು. ಹಿಂದೆ ಜನ ಕಾಯ್ತಿದ್ದರು. "ಹೆಸರಿಟ್ಟಿಲ್ಲ ಅನ್ನು," ಅಂತ ನಾನೇ ಪಿಸುಗುಟ್ಟಿದೆ.

ಅವಳು ನೀರು ಹಾಕಿದಳು. ಬಟ್ಟಲು ತುಂಬಿತು, ತಟ್ಟೆಗೆ ಚೆಲ್ಲಿತು. ಆಗ ಒಂದು ಹೆಸರು ಹೇಳಿದಳು. ಯಾವಾಗ ಇಟ್ಟಿದ್ದಳೋ, ಯಾರಿಗೂ ಗೊತ್ತಿಲ್ಲ. ಭಂತೇಜಿ ಆ ಹೆಸರು ಸೇರಿಸಿ ಪಠಣ ಶುರು ಮಾಡಿದರು. ಇವಳು ನೆಲಕ್ಕೆ ಹಣೆ ಹಚ್ಚಿ ಜೋರಾಗಿ ಅತ್ತಳು. ನಾನು ಸಮಾಧಾನ ಮಾಡಲಿಲ್ಲ. ಅಷ್ಟು ದಿನದ್ದು, ಬರಲಿ ಅಂತ ಬಿಟ್ಟೆ. ಸಂಜೆ ಅಳಿಯ ಬಂದು ಕಾರಲ್ಲಿ ಕರ್ಕೊಂಡು ಹೋದ.

ಮಾರನೆಯ ದಿನ ಬೆಳಿಗ್ಗೆ ಊರಿಗೆ ಫೋನು ಮಾಡಿದೆ. ನಮ್ಮೂರ ವಿಹಾರದಲ್ಲಿ ಭಾನುವಾರ ವಂದನೆ ಹೇಳಿಸೋನು ನಮ್ಮಣ್ಣ.

"ಅಣ್ಣ, ಈ ಭಾನುವಾರ ನನ್ನ ಮೊಮ್ಮಗಳ ಹೆಸರು ಹೇಳ್ಸು."

"ಉಸಿರೇ ಆಡದ ಮಗೀಗೆ ನಮ್ಮಲ್ಲಿ ಏನೂ ಮಾಡಲ್ವಲ್ಲಮ್ಮ."

"ಮಾಡಲ್ಲ, ನಂಗೂ ಗೊತ್ತು. ನೀನು ಹೇಳ್ಸು."

"ಆಯ್ತು, ಹೆಸರೇನು?" ಅಂದ.

ನಾನು ಹೇಳಲಿಲ್ಲ. ಮಗಳನ್ನ ಕೂಗಿ ಅವಳ ಕೈಗೆ ಫೋನು ಕೊಟ್ಟೆ.